ಕ್ಯಾನ್ಸರ್ ಮದ್ದಿನ ಹುಡುಕಾಟ: ಯಾವ ಪ್ರೋಟೀನ್ ಜೋಡಿಯನ್ನು ಬಿಡಿಸಬೇಕು?

ಕಂಪ್ಯೂಟರ್ ಕೋಟಿಗಟ್ಟಲೆ ಅಣುಗಳನ್ನು ಸೋಸಿತು, ಕ್ಯಾನ್ಸರ್ ಪ್ರೋಟೀನಿಗೆ ಅಂಟುವ ಒಂದು ಅಣು ಸಿಕ್ಕಿತು ಎಂಬ ಸುದ್ದಿ ಈಗ ಆಗಾಗ ಕಣ್ಣಿಗೆ ಬೀಳುತ್ತದೆ. ಓದಿದವರಿಗೆ ಮದ್ದು ಇನ್ನೇನು ಬಂದೇ ಬಿಟ್ಟಿತು ಅನ್ನಿಸುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ಭರವಸೆ ಜಾಸ್ತಿ, ಅಲ್ವಾ? ಆದರೆ ಈ ದಾರಿಯಲ್ಲಿ ನಿಜಕ್ಕೂ ರೋಗಿಯ ಕೈ ಸೇರಿದ ಮಾತ್ರೆಗಳ ಇತಿಹಾಸ ನೋಡಿದರೆ ಬೇರೆಯೇ ಕಥೆ ಕಾಣುತ್ತದೆ. ಅವುಗಳಲ್ಲಿ ಒಂದರ ಹುಡುಕಾಟ ಶುರುವಾದದ್ದು ಬರೀ 480 ಅಣುಗಳಿಂದ. ಇನ್ನೊಂದು ಕಡೆ ಪ್ರಯೋಗಾಲಯದಲ್ಲಿ ಎಲ್ಲ ಪರೀಕ್ಷೆ ಪಾಸಾದ ಸೊಗಸಾದ ಅಣುವಿನ ವಂಶದ ಮದ್ದು ಹದಿನಾರು ವರ್ಷದ ನಂತರ ರೋಗಿಗಳ ಮುಂದೆ ಸೋತಿತು. ಎಷ್ಟು ಅಣು ಸೋಸಿದರು ಎಂಬುದಕ್ಕಿಂತ ಯಾವ ಜೋಡಿಯನ್ನು ಬಿಡಿಸಲು ಹೊರಟರು ಎಂಬುದೇ ಇಲ್ಲಿ ಹೆಚ್ಚು ಸಲ ಗೆಲುವು ಸೋಲು ತೀರ್ಮಾನಿಸಿದೆ.

ಜೋಡಿ ಅಂದರೆ ಏನು? ನಮ್ಮ ಕೋಶದಲ್ಲಿ ಪ್ರೋಟೀನುಗಳು ಒಂಟಿಯಾಗಿ ಕೆಲಸ ಮಾಡುವುದು ಕಡಿಮೆ. ಒಂದು ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ, ಬಿಡುತ್ತದೆ, ಮೂರನೆಯದನ್ನು ಎಳೆದು ತರುತ್ತದೆ. ಕೋಶ ಒಡೆದು ಎರಡಾಗಬೇಕೋ, ಸುಮ್ಮನಿರಬೇಕೋ, ಸಾಯಬೇಕೋ ಎಂಬ ತೀರ್ಮಾನ ಇಂಥ ಅಂಟು-ಬಿಡು ಆಟದಲ್ಲೇ ಆಗುತ್ತದೆ. 2020ರಲ್ಲಿ ಪ್ರಕಟವಾದ ಮಾನವ ಪ್ರೋಟೀನುಗಳ ಒಂದು ನಕ್ಷೆಯಲ್ಲೇ ಸುಮಾರು 53,000 ಜೋಡಿಗಳಿವೆ. ಅದೂ ಪೂರ್ತಿ ನಕ್ಷೆ ಅಲ್ಲ. ಕ್ಯಾನ್ಸರ್ ಕೋಶ ಈ ಜೋಡಿಗಳಲ್ಲಿ ಕೆಲವನ್ನು ತನ್ನ ಲಾಭಕ್ಕೆ ಬಳಸಿಕೊಳ್ಳುತ್ತದೆ. ಹಾಗಾದರೆ ನಡುವೆ ಒಂದು ಸಣ್ಣ ಅಣುವನ್ನು ತೂರಿಸಿ ಜೋಡಿ ಬಿಡಿಸಿದರೆ ಆಯ್ತಲ್ಲ?

ಹೇಳುವುದು ಸುಲಭ. ಬಹಳ ಕಾಲ ಔಷಧ ಕಂಪನಿಗಳು ಈ ಕೆಲಸಕ್ಕೆ ಕೈ ಹಾಕಲು ಹೆದರುತ್ತಿದ್ದವು. ಹಳೆಯ ಮದ್ದುಗಳಲ್ಲಿ ಹೆಚ್ಚಿನವು ಕಿಣ್ವಗಳ ಅಥವಾ ಗ್ರಾಹಕಗಳ (ಕೋಶಕ್ಕೆ ಬರುವ ಸಂದೇಶ ಹಿಡಿಯುವ ಪ್ರೋಟೀನುಗಳ) ಒಳಗಿನ ಆಳವಾದ ಗುಳಿಗಳಲ್ಲಿ ಕೂರುತ್ತವೆ. 2001ರಲ್ಲಿ ಬಂದ ಇಮಾಟಿನಿಬ್ ಎಂಬ ರಕ್ತ ಕ್ಯಾನ್ಸರ್ ಮದ್ದು ಅಂಥದ್ದೇ. ಕಿಣ್ವ ತನ್ನ ಇಂಧನದ ಅಣುವನ್ನು ಹಿಡಿಯಲು ಇಟ್ಟುಕೊಂಡ ಗುಳಿಯಲ್ಲಿ ಅದು ಹೋಗಿ ಕೂತಿತು. ಎರಡು ಪ್ರೋಟೀನುಗಳು ಮುಟ್ಟುವ ಜಾಗ ಹಾಗಿರುವುದಿಲ್ಲ. ಅದು ಅಗಲ, ಮತ್ತು ಬಹುಪಾಲು ಸಪಾಟು. ಸಾಮಾನ್ಯವಾಗಿ 1,500ರಿಂದ 3,000 ಚದರ ಆಂಗ್‌ಸ್ಟ್ರಾಮ್ ಜಾಗ ಪರಸ್ಪರ ಒತ್ತಿಕೊಂಡಿರುತ್ತದೆ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ). ಸಣ್ಣ ಅಣು ಒಂದು ಗುಳಿಯಲ್ಲಿ ಮುಟ್ಟುವುದು 300ರಿಂದ 1,000 ಅಷ್ಟೇ. ನುಣುಪಾದ ಬಂಡೆ ಹತ್ತುವವನಿಗೆ ಬೆರಳು ಸಿಕ್ಕಿಸಲು ಒಂದು ಸಂದಾದರೂ ಬೇಕು. ಇಲ್ಲಿ ಸಂದೇ ಕಾಣುತ್ತಿರಲಿಲ್ಲ.

ದಾರಿ ತೋರಿಸಿದ್ದು 1995ರ ಒಂದು ಅಧ್ಯಯನ. ಟಿಮ್ ಕ್ಲಾಕ್ಸನ್ ಮತ್ತು ಜೇಮ್ಸ್ ವೆಲ್ಸ್ ಬೆಳವಣಿಗೆಯ ಹಾರ್ಮೋನ್ ಮತ್ತು ಅದರ ಗ್ರಾಹಕ ಮುಟ್ಟುವ ಜಾಗವನ್ನು ತೆಗೆದುಕೊಂಡರು. ಅಲ್ಲಿನ ಅಮೈನೊ ಆಮ್ಲಗಳನ್ನು, ಅಂದರೆ ಪ್ರೋಟೀನಿನ ಇಟ್ಟಿಗೆಗಳನ್ನು, ಒಂದೊಂದಾಗಿ ಅಲನಿನ್ ಎಂಬ ಚಿಕ್ಕ ಅಮೈನೊ ಆಮ್ಲಕ್ಕೆ ಬದಲಿಸುತ್ತಾ ಹೋದರು. ಹೆಚ್ಚಿನವನ್ನು ಬದಲಿಸಿದಾಗ ಅಂಟಿನ ಬಲ ಅಷ್ಟೇನೂ ಇಳಿಯಲಿಲ್ಲ. ಕೆಲವೇ ಕೆಲವನ್ನು ಬದಲಿಸಿದಾಗ ಜೋಡಿ ಕಳಚಿಕೊಂಡಿತು. ಜಾಗ ದೊಡ್ಡದಿದ್ದರೂ ಹಿಡಿತದ ಬಹುಪಾಲು ನಡುವಿನ ಒಂದು ಚಿಕ್ಕ ಭಾಗದಲ್ಲೇ ಇತ್ತು. ಇದನ್ನೇ ಹಾಟ್‌ಸ್ಪಾಟ್ ಅನ್ನುತ್ತಾರೆ. ಪೂರ್ತಿ ಅಗಲವನ್ನು ಮುಚ್ಚಬೇಕಿಲ್ಲ, ಆ ಭಾಗವನ್ನು ಹಿಡಿದರೆ ಸಾಕು ಎಂಬ ಧೈರ್ಯ ಬಂದದ್ದು ಹೀಗೆ. ಮರುವರ್ಷವೇ ಪಿ53 ಮತ್ತು ಎಂಡಿಎಂ2 ಎಂಬ ಜೋಡಿಯ ರಚನೆ ಪತ್ತೆಯಾಯಿತು (ಈ ಜೋಡಿಯ ಕಥೆ ಮುಂದೆ ಬರುತ್ತದೆ). ಪಿ53 ಬರೀ ಮೂರು ಅಮೈನೊ ಆಮ್ಲಗಳನ್ನು ಎಂಡಿಎಂ2ನ ಒಂದು ಗುಳಿಯೊಳಗೆ ಇಳಿಸಿರುವುದು ಕಂಡಿತು. ಮೂರು! ಸಣ್ಣ ಅಣು ಇದನ್ನು ಅನುಕರಿಸಬಹುದು ಅಂತ ಯಾರಿಗಾದರೂ ಅನ್ನಿಸುವಂತಿತ್ತು.

ಈಗ ಹುಡುಕುವುದು ಹೇಗೆ ನೋಡೋಣ. ಹೆಚ್ಚು ಬಳಕೆಯಲ್ಲಿರುವ ಒಂದು ವಿಧಾನ ಫ್ಲೂರೆಸೆನ್ಸ್ ಪೋಲರೈಸೇಶನ್. ಜೋಡಿಯಲ್ಲಿ ಒಂದು ಪ್ರೋಟೀನಿನ ಚಿಕ್ಕ ತುಂಡಿಗೆ ಹೊಳೆಯುವ ಬಣ್ಣ ಅಂಟಿಸುತ್ತಾರೆ. ತುಂಡು ಒಂಟಿಯಾಗಿದ್ದರೆ ದ್ರಾವಣದಲ್ಲಿ ಗಿರಗಿರ ತಿರುಗುತ್ತದೆ. ದೊಡ್ಡ ಜೊತೆಗಾರನಿಗೆ ಅಂಟಿಕೊಂಡಿದ್ದರೆ ನಿಧಾನವಾಗಿ ಹೊರಳುತ್ತದೆ. ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಅದರ ಮೇಲೆ ಬಿಟ್ಟಾಗ, ನಿಧಾನ ಹೊರಳುವ ತುಂಡಿನಿಂದ ವಾಪಸ್ ಬರುವ ಬೆಳಕು ದಿಕ್ಕನ್ನು ಬಹುಪಾಲು ಉಳಿಸಿಕೊಂಡಿರುತ್ತದೆ. ವೇಗವಾಗಿ ತಿರುಗುವ ತುಂಡಿನ ಬೆಳಕು ದಿಕ್ಕು ಕಳೆದುಕೊಂಡಿರುತ್ತದೆ. 384 ಅಥವಾ 1,536 ಗುಳಿಗಳಿರುವ ಪ್ಲೇಟಿನಲ್ಲಿ ಪ್ರತಿ ಗುಳಿಗೂ ಒಂದೊಂದು ಬೇರೆ ಅಣು ಹಾಕುತ್ತಾರೆ. ಯಾವ ಗುಳಿಯಲ್ಲಿ ದಿಕ್ಕು ಕಳೆದುಹೋಯಿತೋ ಅಲ್ಲಿ ಜೋಡಿ ಬಿಟ್ಟಿದೆ ಎಂದು ಲೆಕ್ಕ. ರೋಬೋಟ್ ಕೈಯಲ್ಲಿ ಇದನ್ನು ಲಕ್ಷಗಟ್ಟಲೆ ಅಣುಗಳ ಮೇಲೆ ಮಾಡಬಹುದು.

ಬೇರೆ ದಾರಿಗಳೂ ಇವೆ. ಎರಡು ಪ್ರೋಟೀನುಗಳಿಗೂ ಒಂದೊಂದು ಮಣಿ ಕಟ್ಟಿ, ಅವು ಹತ್ತಿರ ಬಂದಾಗ ಮಾತ್ರ ಬೆಳಕು ಬರುವಂತೆ ಮಾಡುವುದು ಆಲ್ಫಾಸ್ಕ್ರೀನ್. ಪ್ರತಿ ಅಣುವಿಗೂ ಡಿಎನ್ಎ ಬಾಲ ಕಟ್ಟಿ, ಎಲ್ಲವನ್ನೂ ಒಂದೇ ನಳಿಕೆಯಲ್ಲಿ ಬೆರೆಸಿ, ಪ್ರೋಟೀನಿಗೆ ಅಂಟಿದವರ ಬಾಲವನ್ನು ಓದುವುದು ಇನ್ನೊಂದು. ಕೊನೆಯದು ಕಂಪ್ಯೂಟರಿನಲ್ಲೇ ಅಣುವನ್ನು ಪ್ರೋಟೀನಿನ ಮೇಲೆ ಕೂರಿಸಿ ನೋಡುವ ಡಾಕಿಂಗ್.

ಈ ಕ್ಷೇತ್ರದ ನಿಜವಾದ ಗೋಳು ಶುರುವಾಗುವುದು ಹಿಟ್ ಸಿಕ್ಕಿದ ಮೇಲೆ. ಹಿಟ್ ಅಂದರೆ ಪರೀಕ್ಷೆಯಲ್ಲಿ ಜೋಡಿ ಬಿಡಿಸಿದಂತೆ ಕಂಡ ಅಣು. ಕಂಡ ಎಂಬುದನ್ನು ಗಮನಿಸಿ. ಎಷ್ಟೋ ಅಣುಗಳು ದ್ರಾವಣದಲ್ಲಿ ತಮ್ಮಷ್ಟಕ್ಕೆ ಗುಂಪು ಕಟ್ಟಿಕೊಂಡು ಸಣ್ಣ ಉಂಡೆಗಳಾಗುತ್ತವೆ. ಪ್ರೋಟೀನ್ ಹೋಗಿ ಆ ಉಂಡೆಗೆ ಮೆತ್ತಿಕೊಳ್ಳುತ್ತದೆ. ಜೋಡಿ ಬಿಟ್ಟಂತೆ ಕಾಣುತ್ತದೆ, ಆದರೆ ಅಣು ಪ್ರೋಟೀನಿನ ಹಾಟ್‌ಸ್ಪಾಟ್ ಮುಟ್ಟಿಯೇ ಇರುವುದಿಲ್ಲ. ಬ್ರಯಾನ್ ಶೋಯ್‌ಚೆಟ್ ಅವರ ತಂಡ ಇದನ್ನು ವರ್ಷಗಟ್ಟಲೆ ಬೆನ್ನು ಹತ್ತಿ ತೋರಿಸಿತು. ಉಪಾಯ ಸರಳ: ದ್ರಾವಣಕ್ಕೆ ಒಂದಿಷ್ಟು ಡಿಟರ್ಜೆಂಟ್ ಹಾಕಿ. ಉಂಡೆ ಒಡೆದು ಪರಿಣಾಮ ಮಾಯವಾದರೆ, ನಿಮಗೆ ಸಿಕ್ಕಿದ್ದು ಮದ್ದಲ್ಲ.

ಇನ್ನು ಕೆಲವು ಅಣುಗಳು ಯಾವ ಪರೀಕ್ಷೆಗೆ ಹಾಕಿದರೂ ಹಿಟ್ ಆಗಿಯೇ ಬರುತ್ತವೆ. ಸಿಕ್ಕ ಪ್ರೋಟೀನಿನ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುವವು, ತಾವೇ ಬೆಳಕು ನುಂಗುವವು, ಲೋಹ ಹಿಡಿಯುವವು. 2010ರಲ್ಲಿ ಜೊನಾಥನ್ ಬೇಲ್ ಮತ್ತು ಜಾರ್ಜಿನಾ ಹಾಲೊವೇ ಇಂಥ ಅಣುಗಳ ರಚನೆಗಳನ್ನು ಪಟ್ಟಿ ಮಾಡಿ ಅವಕ್ಕೆ ಪೇನ್ಸ್ ಎಂದು ಹೆಸರಿಟ್ಟರು. ಆ ಪಟ್ಟಿ ಹುಟ್ಟಿದ್ದೇ ಪ್ರೋಟೀನ್ ಜೋಡಿಗಳ ಹುಡುಕಾಟದಿಂದ. ಆರು ಬೇರೆ ಬೇರೆ ಹುಡುಕಾಟಗಳಲ್ಲಿ ಸುಮಾರು 93,000 ಅಣುಗಳನ್ನು ಸೋಸಿದಾಗ ಅದೇ ಮುಖಗಳು ಮತ್ತೆ ಮತ್ತೆ ಬಂದಿದ್ದವು. ಈ ಪಟ್ಟಿಯನ್ನು ಕುರುಡಾಗಿ ನಂಬುವುದೂ ತಪ್ಪು. ಆ ಆರೂ ಹುಡುಕಾಟಗಳು ಆಲ್ಫಾಸ್ಕ್ರೀನ್ ವಿಧಾನದವು, ಹಾಗಾಗಿ ಆ ವಿಧಾನದ್ದೇ ತಂಟೆಗಳೂ ಅದರಲ್ಲಿ ಸೇರಿವೆ. ಆದರೂ ಇಂದಿಗೂ ಪ್ರಕಟವಾಗುವ ಎಷ್ಟೋ ಲೇಖನಗಳಲ್ಲಿ ಇದೇ ಪಟ್ಟಿಯ ಅಣುಗಳು ಹೊಸ ಕ್ಯಾನ್ಸರ್ ಮದ್ದಿನ ವೇಷದಲ್ಲಿ ಬರುತ್ತವೆ. ನೋಡಿದಾಗ ಬೇಸರವಾಗುತ್ತದೆ.

ಅಣು ಕ್ಯಾನ್ಸರ್ ಕೋಶವನ್ನು ಕೊಂದಿತು ಎಂಬುದೂ ಸಾಕ್ಷಿ ಅಲ್ಲ. ಬ್ಲೀಚ್ ಕೂಡ ಕೊಲ್ಲುತ್ತದೆ. ಕೇಳಬೇಕಾದ ಪ್ರಶ್ನೆ: ಆ ಜೋಡಿ ಬಿಟ್ಟದ್ದರಿಂದಲೇ ಸತ್ತಿತೇ? ಇದನ್ನು ಚೆನ್ನಾಗಿ ತೋರಿಸಿದ್ದು 2006ರ ಒಂದು ಕೆಲಸ. ಬಿಸಿಎಲ್-2 ಎಂಬ ಪ್ರೋಟೀನನ್ನು ತಡೆಯುತ್ತವೆ ಎಂದು ಹೆಸರಾಗಿದ್ದ ಏಳು ಅಣುಗಳನ್ನು ತೆಗೆದುಕೊಂಡು ಪರೀಕ್ಷೆಗೆ ಹಚ್ಚಿದರು. ಬಿಸಿಎಲ್-2 ಮೂಲಕ ಬರುವ ಸಾವಿಗೆ ಬ್ಯಾಕ್ಸ್, ಬ್ಯಾಕ್ ಎಂಬ ಎರಡು ಪ್ರೋಟೀನುಗಳು ಬೇಕೇ ಬೇಕು. ಅವೆರಡೂ ಇಲ್ಲದ ಕೋಶಗಳಲ್ಲಿ ಅಣು ಕೆಲಸ ಮಾಡಬಾರದು. ಏಳರಲ್ಲಿ ಆ ದಾರಿಯಲ್ಲೇ ಕೋಶವನ್ನು ಸಾಯಿಸಿದ್ದು ಒಂದೇ ಒಂದು, ಎಬಿಟಿ-737.

ಆ ಒಂದರ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು. ಈ ಇಡೀ ಕ್ಷೇತ್ರಕ್ಕೆ ಬೆನ್ನೆಲುಬು ಕೊಟ್ಟದ್ದು ಅದೇ.

ಬಿಸಿಎಲ್-2 ಜೀನ್ ಸಿಕ್ಕಿದ್ದು 1980ರ ದಶಕದ ಮಧ್ಯದಲ್ಲಿ, ಲಿಂಫೋಮಾ ಎಂಬ ರಕ್ತಕೋಶಗಳ ಕ್ಯಾನ್ಸರಿನ ಒಂದು ಬಗೆಯಲ್ಲಿ. 1988ರಲ್ಲಿ ಮೆಲ್ಬರ್ನ್‌ನ ಡೇವಿಡ್ ವಾಕ್ಸ್, ಸುಸಾನ್ ಕೋರಿ, ಜೆರಿ ಆಡಮ್ಸ್ ಅದರ ಕೆಲಸ ಕಂಡುಹಿಡಿದರು. ಅದು ಕೋಶವನ್ನು ಬೇಗ ಬೇಗ ಒಡೆಯುವಂತೆ ಮಾಡುತ್ತಿರಲಿಲ್ಲ, ಸಾಯದಂತೆ ಕಾಯುತ್ತಿತ್ತು. ಕ್ಯಾನ್ಸರ್ ಅಂದರೆ ಬರೀ ಅತಿ ಬೆಳವಣಿಗೆ ಅಂದುಕೊಂಡಿದ್ದವರಿಗೆ ಇದು ಹೊಸ ವಿಷಯ. ಸಾವಿನ ಸಂದೇಶ ತರುವ ಪ್ರೋಟೀನುಗಳನ್ನು ಬಿಸಿಎಲ್-2 ತನ್ನ ಒಂದು ಉದ್ದನೆಯ ತೋಡಿನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಆ ತೋಡಿನಲ್ಲಿ ಬೇರೇನಾದರೂ ಕೂತರೆ ಸಾವಿನ ಸಂದೇಶ ಬಿಡುಗಡೆಯಾಗುತ್ತದೆ.

ಸ್ಟೀಫನ್ ಫೆಸಿಕ್ ನೇತೃತ್ವದ ಅಬಾಟ್ ಕಂಪನಿಯ ತಂಡ ಇದರ ಸೋದರ ಪ್ರೋಟೀನ್ ಬಿಸಿಎಲ್-ಎಕ್ಸ್ಎಲ್ ಮೇಲೆ ಕೆಲಸ ಮಾಡಿತು. ಅವರು ಮೊದಲು ದೊಡ್ಡ ಅಣು ಹುಡುಕಲಿಲ್ಲ. ತೀರಾ ಚಿಕ್ಕ ತುಣುಕುಗಳನ್ನು ಪ್ರೋಟೀನಿನ ಜೊತೆ ಬೆರೆಸಿ, ಎನ್ಎಂಆರ್ ಯಂತ್ರದಲ್ಲಿ ಯಾವ ತುಣುಕು ಎಲ್ಲಿ ಮುಟ್ಟುತ್ತಿದೆ ಎಂದು ನೋಡಿದರು. ತೋಡಿನ ಒಂದು ಭಾಗದಲ್ಲಿ ಒಂದು ತುಣುಕು ಕೂತಿತು, ಪಕ್ಕದಲ್ಲೇ ಇನ್ನೊಂದು. ಎರಡರ ಅಂಟೂ ತೀರಾ ದುರ್ಬಲ. ಮೊದಲನೆಯದು 0.3 ಮಿಲಿಮೋಲಾರ್ ಮಟ್ಟದ್ದು (ಈ ಅಳತೆಯಲ್ಲಿ ಅಂಕಿ ಚಿಕ್ಕದಾದಷ್ಟೂ ಹಿಡಿತ ಬಿಗಿ). ಅಣುಗಳನ್ನು ಸೋಸುವ ಸಾಮಾನ್ಯ ಸ್ಕ್ರೀನಿಂಗಿನಲ್ಲಿ ಇದು ಕಣ್ಣಿಗೂ ಬೀಳುತ್ತಿರಲಿಲ್ಲ. ಎರಡನ್ನೂ ಸೇರಿಸಿ, ತಿದ್ದಿ, ಮತ್ತೆ ತಿದ್ದಿ 2005ರಲ್ಲಿ ಎಬಿಟಿ-737 ಆಯಿತು. ಅದರ ಹಿಡಿತ ನ್ಯಾನೋಮೋಲಾರ್‌ಗಿಂತಲೂ (ಮಿಲಿಮೋಲಾರ್‌ನ ಹತ್ತು ಲಕ್ಷದಲ್ಲೊಂದು ಭಾಗ) ಬಿಗಿ, ಅಂದರೆ ಮೊದಲ ತುಣುಕಿಗಿಂತ ಲಕ್ಷಾಂತರ ಪಟ್ಟು ಜಾಸ್ತಿ.

ಅದು ನುಂಗುವ ಮಾತ್ರೆಯಾಗಲಿಲ್ಲ. ಅದರ ಮುಂದಿನ ರೂಪ ನ್ಯಾವಿಟೋಕ್ಲಾಕ್ಸ್ ಆಯಿತು. ಆದರೆ ಕೊಟ್ಟ ರೋಗಿಗಳಲ್ಲಿ ಪ್ಲೇಟ್‌ಲೆಟ್‌ಗಳು ಕುಸಿದವು. ಕಾರಣ ಮದ್ದಿನ ಕೊಳಕಲ್ಲ, ಅದರ ಶಕ್ತಿಯೇ. ಪ್ಲೇಟ್‌ಲೆಟ್‌ಗೆ ನ್ಯೂಕ್ಲಿಯಸ್ ಇಲ್ಲ. ಹುಟ್ಟುವಾಗ ತಂದ ಬಿಸಿಎಲ್-ಎಕ್ಸ್ಎಲ್ ಮೇಲೆಯೇ ಅದರ ಆಯಸ್ಸು ನಿಂತಿದೆ. ಆ ಜೋಡಿ ಬಿಡಿಸಿದರೆ ಅದು ಬೇಗ ಸಾಯುತ್ತದೆ. ಅಣು ಎಷ್ಟು ಚೆನ್ನಾಗಿ ಕೆಲಸ ಮಾಡಿದರೆ ಅಷ್ಟು ಪ್ಲೇಟ್‌ಲೆಟ್ ನಷ್ಟ. ಹೀಗಾಗಿ ಬಿಸಿಎಲ್-2 ಅನ್ನು ಮಾತ್ರ ಹಿಡಿದು, ಎಕ್ಸ್ಎಲ್ ಅನ್ನು ಬಿಡುವ ಅಣು ಬೇಕಾಯಿತು. ಎರಡರ ತೋಡುಗಳೂ ಬಹುತೇಕ ಒಂದೇ ಥರ. ರಚನೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಒಂದೇ ಅಮೈನೊ ಆಮ್ಲದಷ್ಟು ಸಣ್ಣ ವ್ಯತ್ಯಾಸ ಆಸರೆಗೆ ಸಿಕ್ಕಿತು. ಅದನ್ನು ಹಿಡಿದು ಕಟ್ಟಿದ ಅಣುವೇ ವೆನೆಟೋಕ್ಲಾಕ್ಸ್.

2016ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ ಒಪ್ಪಿಗೆ ಕೊಟ್ಟಿತು, ಮೊದಲು ಒಂದು ಬಗೆಯ ದೀರ್ಘಕಾಲದ ಲಿಂಫೋಸೈಟಿಕ್ ಲ್ಯುಕೇಮಿಯಾಗೆ. ಅದು ಎಷ್ಟು ಬಲವಾಗಿ ಕೆಲಸ ಮಾಡಿತೆಂದರೆ, ಶುರುವಿನ ಟ್ರಯಲ್‌ಗಳಲ್ಲಿ ಕ್ಯಾನ್ಸರ್ ಕೋಶಗಳು ಒಟ್ಟಿಗೆ ಸತ್ತು, ಅವುಗಳ ಒಳಗಿನದ್ದೆಲ್ಲ ರಕ್ತಕ್ಕೆ ಬಂದು ಪ್ರಾಣಾಪಾಯವಾಯಿತು. ಅದಕ್ಕೇ ಈಗ ಲ್ಯುಕೇಮಿಯಾದ ಈ ಬಗೆಯಲ್ಲಿ ಮೊದಲ ವಾರ ದಿನಕ್ಕೆ 20 ಮಿಲಿಗ್ರಾಂನಿಂದ ಶುರುಮಾಡಿ, ಐದನೇ ವಾರಕ್ಕೆ 400ಕ್ಕೆ ಏರಿಸುತ್ತಾರೆ. ಆಮೇಲೆ ತೀವ್ರ ಮೈಲಾಯ್ಡ್ ಲ್ಯುಕೇಮಿಯಾದಲ್ಲೂ ಬಳಕೆಗೆ ಬಂತು. ಕಠಿಣ ಕೀಮೋ ತಡೆದುಕೊಳ್ಳಲಾಗದ ರೋಗಿಗಳಲ್ಲಿ ಅಜಾಸಿಟಿಡಿನ್ ಎಂಬ ಮದ್ದಿನ ಜೊತೆ ಇದನ್ನು ಕೊಟ್ಟಾಗ ಮಧ್ಯಮ ಬದುಕುಳಿಕೆ (ಅರ್ಧದಷ್ಟು ರೋಗಿಗಳು ದಾಟಿದ ಅವಧಿ) 9.6 ತಿಂಗಳಿಂದ 14.7 ತಿಂಗಳಿಗೆ ಏರಿತು. ಅಂದಹಾಗೆ ವೆನೆಟೋಕ್ಲಾಕ್ಸ್ ಅಣುವಿನ ತೂಕ 868. ನುಂಗುವ ಮಾತ್ರೆಯ ಅಣು 500 ಮೀರಬಾರದು ಎಂಬ ಹಳೆಯ ಸೂತ್ರ ಇಲ್ಲಿ ಲೆಕ್ಕಕ್ಕೇ ಬರಲಿಲ್ಲ.

ಈಗ ಪಿ53 ಮತ್ತು ಎಂಡಿಎಂ2 ನೋಡಿ. ಪುಸ್ತಕದಲ್ಲಿ ಬರೆಯುವಷ್ಟು ಚೆಂದದ ಗುರಿ ಇದು. ಪಿ53 ಕೋಶದ ಕಾವಲುಗಾರ. ಎಂಡಿಎಂ2 ಅದನ್ನು ಹಿಡಿದು ಕೋಶದ ಕಸದ ಬುಟ್ಟಿಗೆ ಕಳಿಸುತ್ತದೆ. ಸುಮಾರು ಅರ್ಧದಷ್ಟು ಕ್ಯಾನ್ಸರ್‌ಗಳಲ್ಲಿ ಪಿ53 ಜೀನೇ ಕೆಟ್ಟಿರುತ್ತದೆ. ಉಳಿದವುಗಳಲ್ಲಿ ಜೀನ್ ಸರಿ ಇದ್ದು, ಎಷ್ಟೋ ಕಡೆ ಎಂಡಿಎಂ2 ಜಾಸ್ತಿಯಾಗಿ ಅದನ್ನು ಅದುಮಿರುತ್ತದೆ. ಬಿಡಿಸಿದರೆ ಸಾಕು. ರೋಶ್ ಕಂಪನಿಯ ಲ್ಯುಬೊಮಿರ್ ವಸಿಲೆವ್ ತಂಡ 2004ರಲ್ಲಿ ನಟ್ಲಿನ್ ಎಂಬ ಅಣುಗಳನ್ನು ಪ್ರಕಟಿಸಿತು. ಪಿ53ರ ಆ ಮೂರು ಅಮೈನೊ ಆಮ್ಲಗಳ ಜಾಗದಲ್ಲಿ ಅಣುವಿನ ಮೂರು ಭಾಗಗಳು ಹೋಗಿ ಕೂತಿದ್ದವು. ಸ್ಕ್ರೀನಿಂಗಿನಿಂದ ಬಂದ ಹಿಟ್, ರಚನೆಯಲ್ಲಿ ಸಾಬೀತು, ಇಲಿಯಲ್ಲಿ ಪರಿಣಾಮ. ಎಲ್ಲವೂ ಸರಿ.

ಆದರೆ ಆರೋಗ್ಯವಂತ ಕೋಶವೂ ಪಿ53 ಅನ್ನು ಎಂಡಿಎಂ2ನಿಂದಲೇ ಹಿಡಿತದಲ್ಲಿಟ್ಟಿದೆ. ರಕ್ತ ಹುಟ್ಟಿಸುವ ಕೋಶಗಳಿಗೆ, ಕರುಳಿನ ಕೋಶಗಳಿಗೆ ಇದು ಅನಿವಾರ್ಯ. ಹಾಗಾಗಿ ಪ್ಲೇಟ್‌ಲೆಟ್ ಇಳಿಯುತ್ತದೆ, ಹೊಟ್ಟೆ ಕೆಡುತ್ತದೆ, ಡೋಸ್ ಇಳಿಸಬೇಕಾಗುತ್ತದೆ, ನಡುನಡುವೆ ನಿಲ್ಲಿಸಬೇಕಾಗುತ್ತದೆ. ಆ ಸಂದಿನಲ್ಲಿ ಪಿ53 ಕೆಟ್ಟ ಕೆಲವೇ ಕ್ಯಾನ್ಸರ್ ಕೋಶಗಳು ಬದುಕಿ ಬೆಳೆಯುತ್ತವೆ. ಮದ್ದು ಅವನ್ನೇ ಆರಿಸಿ ಉಳಿಸಿದಂತಾಗುತ್ತದೆ. ನಟ್ಲಿನ್‌ನ ವಂಶದ ಇಡಾಸನಟ್ಲಿನ್ ತೀವ್ರ ಮೈಲಾಯ್ಡ್ ಲ್ಯುಕೇಮಿಯಾದ ಮೂರನೇ ಹಂತದ ಟ್ರಯಲ್‌ನಲ್ಲಿ 2020ರಲ್ಲಿ ಸೋತಿತು. ಇನ್ನೊಂದು ಎಂಡಿಎಂ2 ತಡೆ ಮಿಲಾಡೆಮೆಟಾನ್ 2023ರಲ್ಲಿ ಲೈಪೋಸಾರ್ಕೋಮಾ ಎಂಬ ಕೊಬ್ಬಿನ ಕೋಶಗಳ ಕ್ಯಾನ್ಸರಿನಲ್ಲಿ ಸೋತಿತು. ಆ ಕ್ಯಾನ್ಸರ್ ಎಂಡಿಎಂ2 ಜೀನನ್ನು ವಿಪರೀತ ಹೆಚ್ಚಿಸಿಕೊಂಡಿರುವಂಥದ್ದು. ಅಲ್ಲೇ ಗೆಲ್ಲಲಾಗಲಿಲ್ಲ ಅಂದರೆ ತಪ್ಪು ಸ್ಕ್ರೀನಿಂಗಿನದ್ದು ಅನ್ನಲಾಗದು. ಎಂಸಿಎಲ್-1 ಎಂಬ ಬಿಸಿಎಲ್-2ರ ಇನ್ನೊಂದು ಸೋದರನದ್ದೂ ಇದೇ ಪಾಡು. ಹೃದಯದ ಸ್ನಾಯುವಿಗೂ ಅದು ಬೇಕು. ಅದನ್ನು ತಡೆಯುವ ಮದ್ದುಗಳ ಕೆಲವು ಟ್ರಯಲ್‌ಗಳು ಹೃದಯದ ಮೇಲಿನ ಪರಿಣಾಮದ ಅನುಮಾನದಿಂದ ನಿಂತವು.

ಇದಕ್ಕೆ ಹೋಲಿಸಿದರೆ ಬೆಲ್ಜುಟಿಫಾನ್ ಎಂಬ ಮದ್ದು ಅದೃಷ್ಟವಂತ. ಕಿಡ್ನಿ ಕ್ಯಾನ್ಸರಿನಲ್ಲಿ ಹಿಫ್-2 ಆಲ್ಫಾ ಎಂಬ ಪ್ರೋಟೀನ್ ಆರ್ಂಟ್ ಎಂಬ ಜೊತೆಗಾರನ ಜೊತೆ ಸೇರಿ ಜೀನುಗಳನ್ನು ಚಾಲೂ ಮಾಡುತ್ತದೆ. ಟೆಕ್ಸಸ್‌ನ ಯುಟಿ ಸೌತ್‌ವೆಸ್ಟರ್ನ್‌ನಲ್ಲಿ ರಿಚರ್ಡ್ ಬ್ರೂಯಿಕ್ ಮತ್ತು ಕೆವಿನ್ ಗಾರ್ಡ್ನರ್ ಇದರ ರಚನೆ ನೋಡುವಾಗ, ಪ್ರೋಟೀನಿನ ಹೊಟ್ಟೆಯೊಳಗೆ ನೀರು ತುಂಬಿದ ಒಂದು ಟೊಳ್ಳು ಕಂಡಿತು. ಜೋಡಿ ಮುಟ್ಟುವ ಜಾಗದಲ್ಲಲ್ಲ, ಒಳಗೆ. ಅಲ್ಲಿ ಅಣು ಕೂತರೆ ಪ್ರೋಟೀನಿನ ಆಕಾರ ಸ್ವಲ್ಪ ಬದಲಾಗಿ ಜೋಡಿ ಸಡಿಲವಾಗುತ್ತದೆ. ಅಂದರೆ ಸಪಾಟು ಜಾಗದ ತಂಟೆಗೇ ಹೋಗಬೇಕಾಗಲಿಲ್ಲ. 2021ರಲ್ಲಿ ವಿಎಚ್‌ಎಲ್ ಎಂಬ ಆನುವಂಶಿಕ ಕಾಯಿಲೆಗೆ, 2023ರಲ್ಲಿ ಮುಂದುವರಿದ ಕಿಡ್ನಿ ಕ್ಯಾನ್ಸರ್‌ಗೆ ಒಪ್ಪಿಗೆ ಸಿಕ್ಕಿತು. ಅಡ್ಡ ಪರಿಣಾಮ ಇಲ್ಲವೇ? ಇದೆ. ಕೆಂಪು ರಕ್ತಕಣ ಹುಟ್ಟಿಸುವ ಹಾರ್ಮೋನೂ ಹಿಫ್-2 ಕೈಯಲ್ಲೇ ಇರುವುದರಿಂದ ರಕ್ತಹೀನತೆ ಬರುತ್ತದೆ. ಆದರೆ ಅದನ್ನು ಸಂಭಾಳಿಸಬಹುದು. ಸಂಭಾಳಿಸಬಹುದೇ ಇಲ್ಲವೇ ಎಂಬಲ್ಲೇ ಎಂಡಿಎಂ2 ಮತ್ತು ಹಿಫ್-2 ಬೇರೆಯಾಗುವುದು.

ಆರಂಭದಲ್ಲಿ ಹೇಳಿದ 480 ಅಣುಗಳ ಮಾತು ರಾಸ್ ಕುಟುಂಬದ ಕೆರಾಸ್ ಎಂಬ ಪ್ರೋಟೀನಿಗೆ ಸೇರಿದ್ದು. ರಾಸ್ ಜೀನುಗಳು ಮಾನವ ಕ್ಯಾನ್ಸರಿನಲ್ಲಿ ಪತ್ತೆಯಾದದ್ದು 1982ರಲ್ಲಿ. ಮೂವತ್ತು ವರ್ಷ ಯಾರೂ ಅದಕ್ಕೆ ಮದ್ದು ಕೂರಿಸಲಾಗಲಿಲ್ಲ. ಕೆವನ್ ಶೋಕಾಟ್ ತಂಡ 2013ರಲ್ಲಿ ಬೇರೆ ದಾರಿ ಹಿಡಿಯಿತು. ಒಂದು ನಿರ್ದಿಷ್ಟ ಮ್ಯುಟೇಶನ್‌ನಲ್ಲಿ (ಜೀನಿನ ಬದಲಾವಣೆಯಲ್ಲಿ) ಹನ್ನೆರಡನೇ ಸ್ಥಾನದ ಗ್ಲೈಸಿನ್ ಎಂಬ ಅಮೈನೊ ಆಮ್ಲ ಹೋಗಿ ಸಿಸ್ಟೀನ್ ಎಂಬುದು ಬಂದಿರುತ್ತದೆ. ಆರೋಗ್ಯವಂತ ಕೋಶದ ಕೆರಾಸ್‌ನಲ್ಲಿ ಆ ಜಾಗದಲ್ಲಿ ಸಿಸ್ಟೀನ್ ಇಲ್ಲ. ಆ ಸಿಸ್ಟೀನಿಗೆ ಬೆಸೆದುಕೊಳ್ಳುವ 480 ಅಣುಗಳನ್ನು ಮಾತ್ರ ಸೋಸಿದರು. ಹಿಟ್ ಆದ ಅಣು ಕೂತ ಜಾಗದಲ್ಲಿ ಹಿಂದಿನ ಯಾವ ರಚನೆಯಲ್ಲೂ ಕಾಣದ ಗುಳಿ ತೆರೆದಿತ್ತು. ಈ ಅಣುಗಳು ಕೆರಾಸ್ ಅನ್ನು ನಿಷ್ಕ್ರಿಯ ರೂಪದಲ್ಲೇ ಸಿಕ್ಕಿಸುತ್ತವೆ, ಆಗ ಅದು ರಾಫ್ ಎಂಬ ಮುಂದಿನ ಪ್ರೋಟೀನಿಗೆ ಅಂಟಲಾರದು. 2021ರಲ್ಲಿ ಈ ದಾರಿಯ ಸೋಟೊರಾಸಿಬ್ ಎಂಬ ಮದ್ದು ಬಂತು. ಆದರೆ ಇದನ್ನೂ ಪವಾಡ ಅನ್ನಬೇಡಿ. ಹೋಲಿಕೆಯ ಟ್ರಯಲ್‌ನಲ್ಲಿ ರೋಗ ಮುಂದುವರಿಯದ ಅವಧಿ ಕೀಮೋದಲ್ಲಿ 4.5 ತಿಂಗಳಿದ್ದದ್ದು 5.6ಕ್ಕೆ ಏರಿತು. ಒಟ್ಟು ಬದುಕುಳಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ಎಐ ಏನು ಬದಲಿಸಿದೆ? ನಿಜ ಹೇಳಬೇಕೆಂದರೆ ಸಾಕಷ್ಟು. ಆಲ್ಫಾಫೋಲ್ಡ್ ಎಂಬ ಎಐ ಸಾಫ್ಟ್‌ವೇರಿನಿಂದಾಗಿ ಕೋಟಿಗಟ್ಟಲೆ ಪ್ರೋಟೀನುಗಳ ರಚನೆಯ ಅಂದಾಜು ಉಚಿತವಾಗಿ ಸಿಗುತ್ತದೆ. 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅರ್ಧ ಪಾಲು ಅದಕ್ಕೇ ಹೋಯಿತು. ಯಾವ ಜೋಡಿ ಎಲ್ಲಿ ಮುಟ್ಟುತ್ತದೆ ಎಂಬ ಊಹೆ ಈಗ ಬೇಗ ಆಗುತ್ತದೆ. ಕೋಟಿಗಟ್ಟಲೆ ಅಣುಗಳನ್ನು ಕೂರಿಸಿ ನೋಡುವುದೂ ಅಗ್ಗವಾಗಿದೆ. ಆದರೆ ಕೆರಾಸ್‌ನ ಗುಳಿ ಅಣು ಬಂದ ಮೇಲೆಯೇ ತೆರೆದುಕೊಂಡದ್ದು. ನಿಂತ ಚಿತ್ರ ನೋಡಿ ಅದನ್ನು ಊಹಿಸುವುದು ಈಗಲೂ ಕಷ್ಟ. ಪ್ಲೇಟ್‌ಲೆಟ್ ಕುಸಿಯುತ್ತದೆಯೇ, ಹೃದಯ ತಾಳಿಕೊಳ್ಳುತ್ತದೆಯೇ ಎಂಬುದನ್ನು ಡಾಕಿಂಗ್ ಅಂಕ ಹೇಳುವುದಿಲ್ಲ. ಅದು ಜೀನ್ ತೆಗೆದ ಇಲಿಯಿಂದ, ಕೊನೆಗೆ ರೋಗಿಯಿಂದಲೇ ಗೊತ್ತಾಗಬೇಕು. ಮುಂದಿನ ಸಲ ಇಂಥ ಸುದ್ದಿ ಬಂದಾಗ ನಾನಂತೂ ಅಣುಗಳ ಸಂಖ್ಯೆಯನ್ನು ದಾಟಿ ಹೋಗಿ, ಆ ಜೋಡಿ ಇಲ್ಲದೆ ಆರೋಗ್ಯವಂತ ಅಂಗಾಂಗ ಬದುಕುತ್ತದೆಯೇ ಎಂಬ ಸಾಲನ್ನು ಹುಡುಕುತ್ತೇನೆ.

ತೀರಾ ಈಚಿನ ಗೆಲುವು ಮೆನಿನ್ ಮತ್ತು ಎಂಎಲ್ಎಲ್ ಎಂಬ ಪ್ರೋಟೀನ್ ಜೋಡಿಯದ್ದು. ಮಿಷಿಗನ್ ವಿಶ್ವವಿದ್ಯಾಲಯದ ಯೊಲಾಂಟಾ ಗ್ರೆಂಬೆಕ್ಕಾ, ತೊಮಾಶ್ ಚೆರ್ಪಿಟ್ಸ್ಕಿ ಅವರ ತಂಡ ಸುಮಾರು 49,000 ಅಣು ಸೋಸಿ 2012ರಲ್ಲಿ ಈ ಜೋಡಿಯನ್ನು ತಡೆಯುವ ಮೊದಲ ಅಣುಗಳನ್ನು ಪ್ರಕಟಿಸಿತು. ಇದೇ ಜೋಡಿಯನ್ನು ಬಿಡಿಸುವ ರೆವುಮೆನಿಬ್‌ಗೆ 2024ರ ನವೆಂಬರ್‌ನಲ್ಲಿ ಎಫ್‌ಡಿಎ ಒಪ್ಪಿಗೆ ಸಿಕ್ಕಿತು, ಮರುಕಳಿಸಿದ ಒಂದು ಬಗೆಯ ಲ್ಯುಕೇಮಿಯಾಗೆ, ಒಂದು ವರ್ಷ ದಾಟಿದ ಮಕ್ಕಳಿಗೂ ಸೇರಿ. ರೋಗಿಗಳಲ್ಲಿ ಮದ್ದು ಸೋಲತೊಡಗಿದಾಗ ಕಾರಣ ಹುಡುಕಿದವರಿಗೆ ಕೆಲವರಲ್ಲಿ ಕಂಡದ್ದು ಮೆನಿನ್‌ನಲ್ಲೇ ಆದ ಮ್ಯುಟೇಶನ್. ಮದ್ದು ಕೂರುವ ಕಡೆ ಪ್ರೋಟೀನ್ ಸ್ವಲ್ಪ ಬದಲಾಗಿತ್ತು, ಆದರೆ ಎಂಎಲ್ಎಲ್ ಮಾತ್ರ ಮೊದಲಿನಂತೆಯೇ ಅಂಟುತ್ತಿತ್ತು. ಇದರಲ್ಲಿ ಎರಡು ವಿಷಯವಿದೆ. ಮದ್ದು ತಾನು ಹೇಳಿದ ಜಾಗದಲ್ಲೇ ಕೆಲಸ ಮಾಡುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ. ಜೊತೆಗೆ, ಜೊತೆಗಾರ ಪ್ರೋಟೀನ್ ಮತ್ತು ಅದನ್ನು ಅನುಕರಿಸುವ ಅಣು ಒಂದೇ ಗುಳಿಯನ್ನು ಬೇರೆ ಬೇರೆ ರೀತಿ ಮುಟ್ಟುತ್ತವೆ, ಮತ್ತು ಕ್ಯಾನ್ಸರ್ ಆ ವ್ಯತ್ಯಾಸದೊಳಗೆ ನುಸುಳುತ್ತದೆ. ಆ ಮ್ಯುಟೇಶನ್ ಆದ ಮೆನಿನ್‌ಗೂ ಅಂಟುವ ಅಣುಗಳನ್ನು ಹುಡುಕುವ ಕೆಲಸ ಈಗ ನಡೆದಿದೆ.